ಸಾಲಿಹ್ ಅಲ್-ಕುವೈತಿ: ಊರಿನ ಹೆಸರು ಹೊತ್ತ ಪಿಟೀಲು

ಅರಬಿ ಹೆಸರುಗಳಲ್ಲಿ ಊರು ಸೇರಿಕೊಳ್ಳುವುದು ಹಳೆಯ ಪದ್ಧತಿ. ಬಸ್ರಾದವನು ಬಸ್ರಿ, ಬಾಗ್ದಾದಿನವನು ಬಗ್ದಾದಿ, ಕುವೈತಿನವನು ಕುವೈತಿ. ನಮ್ಮ ವಿದ್ವಾಂಸರು ಮೈಸೂರು, ತಿಟ್ಟೆ, ಬಿಡಾರಂ ಎಂದು ಹೆಸರಿನ ಮುಂದೆ ಊರನ್ನೋ ಮನೆತನವನ್ನೋ ಧರಿಸಿಕೊಂಡಂತೆ ಇದು. ಆದರೆ ಊರಿನಲ್ಲಿ ಇರುವ ತನಕ ಇಂಥ ಅಡ್ಡಹೆಸರು ಯಾರಿಗೂ ಬೇಕಾಗುವುದಿಲ್ಲ. ಕುವೈತಿನ ಬೀದಿಯಲ್ಲಿ ಎಲ್ಲರೂ ಕುವೈತಿಗಳೇ. ಊರು ಬಿಟ್ಟು ಹೊರಟವನಿಗೆ ಮಾತ್ರ ಅದು ಅಂಟಿಕೊಳ್ಳುತ್ತದೆ. ಸಾಲಿಹ್ ಮತ್ತು ದಾವೂದ್ ಎಂಬ ಸಹೋದರರಿಗೆ ಈ ಹೆಸರು ಬಂದದ್ದು ಇರಾಕಿನಲ್ಲಿ. ಮುಂದೆ ಅವರು ಆ ದೇಶವನ್ನೂ ಬಿಟ್ಟು ಇಸ್ರೇಲಿಗೆ ಹೋದಾಗಲೂ ಅದು ಅವರನ್ನು ಬಿಡಲಿಲ್ಲ. ಇಂದು ಅರಬಿ ಸಂಗೀತದ ಇತಿಹಾಸದಲ್ಲಿ ಅವರು ಅಲ್-ಕುವೈತಿ ಸಹೋದರರು. ಇವರಲ್ಲಿ ಹಿರಿಯರಾದ ಸಾಲಿಹ್, ಪಿಟೀಲುವಾದಕರೂ ವಾಗ್ಗೇಯಕಾರರಲ್ಲದಿದ್ದರೂ ಅದಕ್ಕೆ ಸಮನಾದ ಸ್ವರಸಂಯೋಜಕರೂ ಆಗಿದ್ದವರು, ಈ ಲೇಖನದ ವಿಷಯ.

ಅವರು ಹುಟ್ಟಿದ್ದು 1908ರಲ್ಲಿ, ಕುವೈತಿನಲ್ಲಿ. ಇಂದು ಗಾಜಿನ ಗೋಪುರಗಳ ನಡುವೆ ವಾಸಿಸುವ ನಮಗೆ ಆ ಕುವೈತನ್ನು ಕಲ್ಪಿಸಿಕೊಳ್ಳುವುದು ತುಸು ಕಷ್ಟ. ಶೇಖ್ ಮುಬಾರಕರ ಆಳ್ವಿಕೆಯ ಕಾಲ. ಕಡಲ ಅಂಚಿಗೆ ಹಬ್ಬಿದ ಮಣ್ಣಿನ ಮನೆಗಳ ಪಟ್ಟಣ. ಬೇಸಗೆಯಲ್ಲಿ ಗಂಡಸರು ಮುತ್ತಿನ ಬೇಟೆಗೆ ಹೋಗುತ್ತಿದ್ದರು, ಚಳಿಗಾಲದ ಗಾಳಿ ಹಿಡಿದು ಹಾಯಿಹಡಗುಗಳು ಬಸ್ರಾದ ಖರ್ಜೂರವನ್ನು ತುಂಬಿಕೊಂಡು ಕರಾಚಿ, ಮುಂಬಯಿ, ಮಂಗಳೂರು, ಕಲ್ಲಿಕೋಟೆಗಳತ್ತ ಸಾಗುತ್ತಿದ್ದವು. ಆ ಹಡಗುಗಳ ಮರವೇ ಮಲಬಾರಿನ ತೇಗ. ಅಂಗಡಿಯಲ್ಲಿ ನಡೆಯುತ್ತಿದ್ದ ನಾಣ್ಯ ಭಾರತದ ರೂಪಾಯಿ; ಕುವೈತಿಗೆ ತನ್ನದೇ ದಿನಾರ್ ಬಂದದ್ದು 1961ರಲ್ಲಿ. ಅಂಚೆಚೀಟಿ ಕೂಡ ಬಹುಕಾಲ ಕುವೈತ್ ಎಂದು ಮೇಲ್ಮುದ್ರೆ ಒತ್ತಿದ ಭಾರತದ ಚೀಟಿಯೇ ಆಗಿತ್ತು.

ಸರಕಿನ ಹಾದಿಯಲ್ಲೇ ಸಂಗೀತವೂ ಬಂದಿತು. ಕುವೈತ್ ಮತ್ತು ಬಹ್ರೈನ್‌ಗಳ ನಗರಸಂಗೀತಕ್ಕೆ ಸೌತ್ ಎಂದು ಹೆಸರು. ಆ ಪದದ ಅರ್ಥ ದನಿ ಎಂದಷ್ಟೇ. ಗಾಯಕನೇ ನುಡಿಸುವ ಊದ್ ಎಂಬ ಕುಳ್ಳ ಕತ್ತಿನ ತಂತಿವಾದ್ಯ, ಮಿರ್ವಾಸ್ ಎಂಬ ಅಂಗೈಯಗಲದ ಜೋಡಿಮುಖದ ಚರ್ಮವಾದ್ಯ, ಸುತ್ತ ಕುಳಿತವರ ಲಯಬದ್ಧ ಚಪ್ಪಾಳೆ, ನಡುನಡುವೆ ಇಬ್ಬರು ಎದ್ದು ಕುಣಿಯುವ ಜಫಾನ್ ಎಂಬ ನೃತ್ಯ. ಈ ಪ್ರಕಾರಕ್ಕೆ ಇಂದಿನ ರೂಪವನ್ನು ಕೊಟ್ಟವರೆಂದು ಕುವೈತಿಗಳು ಸ್ಮರಿಸುವ ಹತ್ತೊಂಬತ್ತನೆಯ ಶತಮಾನದ ಕವಿ-ಗಾಯಕ ಅಬ್ದುಲ್ಲಾ ಅಲ್-ಫರಜ್ ಬೆಳೆದದ್ದು ಮುಂಬಯಿಯಲ್ಲಿ; ಸಂಗೀತವನ್ನು ಕಲಿತದ್ದೂ ಅಲ್ಲಿಯೇ. ಕೊಲ್ಲಿಯ ಸಂಗೀತಕ್ಕೂ ನಮಗೂ ಇರುವ ನಂಟು ಪೆಟ್ರೋಲಿಗಿಂತ ಹಳೆಯದು ಎಂಬುದನ್ನು ಇಲ್ಲಿನ ನಮ್ಮ ಮಕ್ಕಳಿಗೆ ಯಾರೂ ಹೇಳಿಕೊಡುವುದಿಲ್ಲ.

ಸಾಲಿಹ್ ಅವರದು ಯಹೂದಿ ಮನೆತನ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಬಸ್ರಾದಿಂದ ವ್ಯಾಪಾರಕ್ಕಾಗಿ ಕುವೈತಿಗೆ ಬಂದು ನೆಲೆಸಿದ ಕೆಲವು ಹತ್ತು ಕುಟುಂಬಗಳಲ್ಲಿ ಇದೂ ಒಂದು; ತಂದೆಯ ಹೆಸರು ಎಜ್ರಾ. ತಮ್ಮ ದಾವೂದ್ ಹುಟ್ಟಿದ್ದು 1910ರಲ್ಲಿ. ಸಾಲಿಹ್ ಹತ್ತು ವರ್ಷದವರಾಗಿ, ದಾವೂದ್ ಎಂಟು ವರ್ಷದವರಾಗಿ ಇದ್ದಾಗ, ವ್ಯಾಪಾರಕ್ಕೆಂದು ಭಾರತಕ್ಕೆ ಹೋಗಿದ್ದ ಅವರ ಚಿಕ್ಕಪ್ಪ ಮರಳುವಾಗ ಎರಡು ಉಡುಗೊರೆಗಳನ್ನು ತಂದರು. ಹಿರಿಯನಿಗೆ ಪಿಟೀಲು, ಕಿರಿಯನಿಗೆ ಊದ್. ಒಂದು ಶತಮಾನದ ಇರಾಕಿ ಹಾಡುಗಾರಿಕೆಯ ದಿಕ್ಕನ್ನು ಈ ಪ್ರಯಾಣದ ಪೆಟ್ಟಿಗೆ ಬದಲಿಸಿತು ಎಂದರೆ ಅದು ಉತ್ಪ್ರೇಕ್ಷೆಯಲ್ಲ.

ಇಲ್ಲಿ ವೈದ್ಯನಾಗಿ ಒಂದು ಮಾತು. ತಂತಿವಾದ್ಯಗಾರರ ಮೆದುಳಿನಲ್ಲಿ ಎಡಗೈ ಬೆರಳುಗಳ ಸಂವೇದನೆಗೆ ಮೀಸಲಾದ ಪ್ರದೇಶ ಇತರರಿಗಿಂತ ವಿಸ್ತಾರವಾಗಿರುತ್ತದೆ. ಅಭ್ಯಾಸವನ್ನು ಎಷ್ಟು ಬೇಗ ಆರಂಭಿಸಿದರೆ ಅಷ್ಟು ಹೆಚ್ಚು. ಅರಬಿ ಸಂಗೀತದಲ್ಲಿ ಇದಕ್ಕೆ ವಿಶೇಷ ಬೆಲೆಯಿದೆ. ಅಲ್ಲಿನ ಹಲವು ಮಕಾಮ್‌ಗಳಲ್ಲಿ, ಪಿಯಾನೋದ ಪಕ್ಕಪಕ್ಕದ ಎರಡು ಮನೆಗಳ ನಡುವೆ ಎಲ್ಲೋ ನಿಲ್ಲುವ ಸ್ವರಗಳಿವೆ. ಮೆಟ್ಟಿಲುಗಳಿಲ್ಲದ ಪಿಟೀಲಿನ ಕತ್ತಿನ ಮೇಲೆ ಆ ಸ್ಥಾನವನ್ನು ಕೂದಲೆಳೆಯ ಅಂತರದಲ್ಲಿ ಹಿಡಿಯುವುದು ಬೆರಳಿಗೆ ಬಾಲ್ಯದಲ್ಲಿಯೇ ರೂಢಿಯಾಗಬೇಕು. ಹತ್ತರ ವಯಸ್ಸು ಅದಕ್ಕೆ ತಕ್ಕ ಕಾಲ.

ಪಿಟೀಲಿನ ಬಗ್ಗೆಯೂ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಯುರೋಪಿನಲ್ಲಿ ಅದರ ನಾಲ್ಕು ತಂತಿಗಳನ್ನು ಒಂದರಿಂದೊಂದು ಪಂಚಮದ ಅಂತರಕ್ಕೆ ಶ್ರುತಿ ಮಾಡುತ್ತಾರೆ. ಕರ್ನಾಟಕ ಸಂಗೀತದವರು ಅದನ್ನು ಷಡ್ಜ, ಪಂಚಮ, ಷಡ್ಜ, ಪಂಚಮ ಎಂದು ಬದಲಿಸಿಕೊಂಡರು. ಅರಬರೂ ಬಹುತೇಕ ಅದನ್ನೇ ಮಾಡಿದರು. ಮದರಾಸಿನವರು ಕೈರೋದವರನ್ನು ಕೇಳಲಿಲ್ಲ, ಕೈರೋದವರು ತಂಜಾವೂರಿನ ದಾರಿ ಕಾಣಲಿಲ್ಲ. ಆಧಾರಸ್ವರದ ಸುತ್ತ ಸುಳಿಯುವ ಎರಡು ಸಂಗೀತಗಳು ಪರದೇಶದ ಒಂದೇ ವಾದ್ಯವನ್ನು ಒಂದೇ ಬಗೆಯಲ್ಲಿ ಒಗ್ಗಿಸಿಕೊಂಡವು. ಅವರು ಅದನ್ನು ಯುರೋಪಿನವರಂತೆ ಗಲ್ಲಕ್ಕೆ ಒತ್ತಿ ಹಿಡಿಯುತ್ತಾರೆ, ನಾವು ನೆಲದಲ್ಲಿ ಕುಳಿತು ಪಾದದ ಗಂಟಿಗೆ ಊರುತ್ತೇವೆ. ನಮ್ಮ ಹಿಡಿತದಲ್ಲಿ ಎಡಗೈ ಸ್ವತಂತ್ರವಾಗಿ ಜಾರುತ್ತದೆ, ಗಮಕಕ್ಕೆ ಅದು ಅನುಕೂಲ. ಇದರಲ್ಲಿ ನನ್ನದು ಸ್ವಪಕ್ಷಪಾತ ಇದ್ದರೂ ಇರಬಹುದು.

ಸಾಲಿಹ್ ಅವರಿಗೆ ಗುರುವಾಗಿ ದೊರೆತವರು ಕುವೈತಿನ ಊದ್ ವಾದಕ ಖಾಲಿದ್ ಅಲ್-ಬಕರ್. ಅವರಿಂದ ಕುವೈತಿನ ಸೌತ್ ಮಾತ್ರವಲ್ಲದೆ ಬಹ್ರೈನ್, ಯೆಮನ್ ಮತ್ತು ಹಿಜಾಜ್‌ಗಳ ಹಾಡಿನ ಮಟ್ಟುಗಳನ್ನೂ ಕಲಿತರು. ಹುಡುಗರಾಗಿದ್ದಾಗಲೇ ಅಣ್ಣತಮ್ಮಂದಿರು ಪಟ್ಟಣದ ಗಣ್ಯರ ಬೈಠಕ್ಕುಗಳಲ್ಲಿ ನುಡಿಸತೊಡಗಿದರು. ಕುವೈತಿನ ದಿವಾನಿಯಾ, ಅಂದರೆ ಮನೆಯ ಹೊರಭಾಗದಲ್ಲಿ ಗಂಡಸರು ಸೇರಿ ಹರಟುವ ಕೋಣೆ, ಆ ಕಾಲದ ಸಂಗೀತಸಭೆಯೂ ಆಗಿತ್ತು. ಸಾಲಿಹ್ ಬಹು ಬೇಗ ಸ್ವಂತ ರಚನೆಗೆ ಕೈಹಾಕಿದರು. ವಲ್ಲಾ ಅಜಬ್ನಿ ಜಮಾಲಕ್ ಎಂಬುದು ಅವರ ಮೊದಲ ರಚನೆಯೆಂದು ಪ್ರಸಿದ್ಧ. ಅದು ಕೊಲ್ಲಿಯಲ್ಲಿ ಇಂದಿಗೂ ಬಳಕೆಯಲ್ಲಿದೆ. ನನ್ನ ಚಿಕಿತ್ಸಾಲಯಕ್ಕೆ ಬರುವ ಎಂಬತ್ತು ದಾಟಿದ ಹಿರಿಯರಲ್ಲಿ ಕೆಲವರಿಗೆ ಬೆಳಿಗ್ಗೆ ನುಂಗಿದ ಮಾತ್ರೆ ಯಾವುದೆಂಬುದು ಮರೆತಿರುತ್ತದೆ, ಆದರೆ ಈ ಹಾಡಿನ ಮೊದಲ ಸಾಲನ್ನು ಆರಂಭಿಸಿದರೆ ಉಳಿದದ್ದನ್ನು ಅವರೇ ಪೂರೈಸುತ್ತಾರೆ. ಮರೆವಿನ ರೋಗ ಹಾಡನ್ನು ಕೊನೆಗೆ ಮುಟ್ಟುತ್ತದೆ.

1920ರ ದಶಕ ಕುವೈತಿಗೆ ಕಷ್ಟದ ಕಾಲ. 1920ರಲ್ಲಿ ಜಹ್ರಾ ಕದನ. 1922ರ ಉಕೈರ್ ಒಪ್ಪಂದದಲ್ಲಿ ತನ್ನದೆಂದುಕೊಂಡಿದ್ದ ಮರುಭೂಮಿಯ ಬಹುಭಾಗ ಕೈತಪ್ಪಿತು. ಅನಂತರ ನಜ್ದಿನ ಕಡೆಯ ವ್ಯಾಪಾರ ದಿಗ್ಬಂಧನ. ದಶಕದ ಕೊನೆಗೆ ಜಪಾನಿನ ಸಾಕು ಮುತ್ತು ಮಾರುಕಟ್ಟೆಗೆ ಬಂದು, ಜೊತೆಗೆ ಜಗತ್ತಿನ ಆರ್ಥಿಕ ಕುಸಿತವೂ ಸೇರಿ ಮುತ್ತಿನ ಕಸುಬು ಮುರಿದುಬಿದ್ದಿತು. ಬುರ್ಗಾನಿನಲ್ಲಿ ಎಣ್ಣೆ ಸಿಕ್ಕದ್ದು 1938ರಲ್ಲಿ, ಅದು ಹಡಗನ್ನೇರಿದ್ದು 1946ರಲ್ಲಿ. ಅಂದರೆ ಈ ಸಹೋದರರು ಪ್ರಾಯಕ್ಕೆ ಬಂದಾಗ ಕುವೈತ್ ಜನ ಬಂದು ಸೇರುವ ಊರಾಗಿರಲಿಲ್ಲ, ಬಿಟ್ಟುಹೋಗುವ ಊರಾಗಿತ್ತು. ಅವರ ಕುಟುಂಬ ಬಸ್ರಾಕ್ಕೆ ಹೋಯಿತು. ಅಲ್ಲಿಂದ ಸಹೋದರರು ಬಾಗ್ದಾದಿಗೆ ತೆರಳಿದರು. ಕುವೈತಿನ ಹೆಸರಾಂತ ಗಾಯಕ ಅಬ್ದುಲ್ಲತೀಫ್ ಅಲ್-ಕುವೈತಿ ಅವರೊಡನೆ ಧ್ವನಿಮುದ್ರಿಕೆಗಳಲ್ಲಿ ನುಡಿಸಿದರು. ನಿಮಿಷಕ್ಕೆ 78 ಸುತ್ತಿನ, ಒಂದು ಮಗ್ಗುಲಿಗೆ ಮೂರು ಮೂರೂವರೆ ನಿಮಿಷ ಹಿಡಿಸುವ ತಟ್ಟೆಗಳು ಅವು. ತಟ್ಟೆಯ ವಸ್ತುವಾದ ಅರಗು ಬಹುಪಾಲು ಭಾರತದ ಕಾಡುಗಳದ್ದೇ. ಈ ತಟ್ಟೆಗಳು ಹಡಗಿನಲ್ಲಿ ಹರಡಿದ ವೇಗಕ್ಕೆ ಸಹೋದರರ ಹೆಸರು ಅವರಿಗಿಂತ ಮೊದಲೇ ಊರೂರು ತಲುಪುತ್ತಿತ್ತು.

ಬಾಗ್ದಾದ್ ಆಗ ಬೇರೆಯೇ ಪ್ರಪಂಚ. ನಗರದ ಜನಸಂಖ್ಯೆಯಲ್ಲಿ ಸುಮಾರು ಕಾಲು ಭಾಗ ಅಥವಾ ಅದಕ್ಕೂ ಹೆಚ್ಚು ಯಹೂದಿಗಳು. ಸಾವಿರಾರು ವರ್ಷಗಳಿಂದ ಅಲ್ಲಿಯೇ ಇದ್ದವರು, ಅರಬಿಯನ್ನೇ ಮಾತಾಡುವವರು. ಇರಾಕಿ ಮಕಾಮ್ ಎಂಬ ಶಾಸ್ತ್ರೀಯ ಗಾಯನದ ಹಿನ್ನೆಲೆಗೆ ಚಾಲ್ಘಿ ಎಂಬ ಪುಟ್ಟ ವಾದ್ಯಮೇಳವಿರುತ್ತಿತ್ತು. ಅದನ್ನು ನುಡಿಸುವವರು ಬಹುಪಾಲು ಯಹೂದಿ ಮನೆತನಗಳವರೇ. ಮಗ ಅಪ್ಪನಿಂದ ಕಲಿಯುವ ಕುಲವಿದ್ಯೆ. ಆ ಮೇಳದ ಮುಖ್ಯ ವಾದ್ಯಗಳೆಂದರೆ ಸಂತೂರ್ ಮತ್ತು ಜೋಜಾ. ಜೋಜಾ ಎಂದರೆ ತೆಂಗಿನಕಾಯಿ. ತೆಂಗಿನ ಚಿಪ್ಪಿಗೆ ಚರ್ಮ ಬಿಗಿದು, ಕೋಲು ಸಿಕ್ಕಿಸಿ, ಕಮಾನಿನಿಂದ ನುಡಿಸುವ ನಾಲ್ಕು ತಂತಿಯ ವಾದ್ಯ. ಬಾಗ್ದಾದಿನಲ್ಲಿ ತೆಂಗು ಬೆಳೆಯುವುದಿಲ್ಲ. ಖರ್ಜೂರ ಹೊತ್ತು ಹೋದ ಹಡಗುಗಳು ಮರಳುವಾಗ ಏನನ್ನು ತರುತ್ತಿದ್ದವು ಎಂಬುದಕ್ಕೆ ಆ ವಾದ್ಯವೇ ಸಾಕ್ಷಿ. ಕರಾವಳಿಯ ಓದುಗರು ಇದನ್ನು ಮೆಚ್ಚಿಯಾರು.

ಸಾಲಿಹ್ ಈ ಕುಲಪರಂಪರೆಯವರಲ್ಲ. ಹೊರಗಿನಿಂದ, ಕೊಲ್ಲಿಯ ಮಟ್ಟುಗಳನ್ನು ತುಂಬಿಕೊಂಡು ಬಂದವರು. ಇದು ಅವರಿಗೆ ಕೊರತೆಯಾಗುವ ಬದಲು ಬಲವಾಯಿತು ಎಂಬುದು ನನ್ನ ಅಭಿಪ್ರಾಯ. ಪರಂಪರೆಯ ಕಾವಲುಗಾರನಾಗಬೇಕಾದ ಹೊರೆ ಅವರಿಗಿರಲಿಲ್ಲ. ಆದರೂ ಅವರು ಶ್ರದ್ಧೆಯಿಂದ ಮಕಾಮನ್ನು ಕಲಿತರು, ಅಜ್ಜೂರಿ ಎಂಬ ವಿದ್ವಾಂಸರ ಬಳಿ ಕಾನೂನ್ ವಾದ್ಯವನ್ನೂ ಅಭ್ಯಾಸ ಮಾಡಿದರು. ನಮ್ಮ ಸ್ವರಮಂಡಲದ ದೊಡ್ಡಣ್ಣನಂತಿರುವ, ಮಡಿಲಲ್ಲಿಟ್ಟು ಎರಡೂ ತೋರುಬೆರಳಿನ ಉಗುರುಕವಚದಿಂದ ಮೀಟುವ ವಾದ್ಯವದು. ನ್ಯಾಯಾಲಯದ ಕಾನೂನು, ಇಬ್ನ್ ಸೀನಾ ಬರೆದ ವೈದ್ಯಗ್ರಂಥದ ಹೆಸರು, ಈ ವಾದ್ಯ, ಮೂರೂ ಒಂದೇ ಪದ. ನಿಯಮ ಅಥವಾ ಅಳತೆಗೋಲು ಎಂಬುದು ಅದರ ಮೂಲಾರ್ಥ. ಮೇಳದ ಉಳಿದ ವಾದ್ಯಗಳೆಲ್ಲ ಶ್ರುತಿಯನ್ನು ಅದರಿಂದಲೇ ಪಡೆಯುತ್ತವೆಯಾದ್ದರಿಂದ ಹೆಸರು ಸಾರ್ಥಕ.

ಅವರು ಬಾಗ್ದಾದಿನಲ್ಲಿ ಮಾಡಿದ ಕೆಲಸವೇನು? ಇರಾಕಿ ಮಕಾಮ್ ಮನೋಧರ್ಮಪ್ರಧಾನ ಗಾಯನ. ಗಾಯಕ ಒಂದು ಕವಿತೆಯನ್ನು ತೆಗೆದುಕೊಂಡು, ಇಂತಿಂಥ ಸಂಚಾರಗಳನ್ನು ಇಂತಿಂಥ ಕ್ರಮದಲ್ಲೇ ತರಬೇಕೆಂಬ ನಿಯಮಕ್ಕೆ ಒಳಪಟ್ಟು ಅದನ್ನು ವಿಸ್ತರಿಸುತ್ತಾನೆ. ಕೊನೆಗೆ ಕೇಳುಗರೂ ದನಿಗೂಡಿಸುವ ಪಸ್ತಾ ಎಂಬ ಲಘುಗೀತೆ. ನಮ್ಮ ಕಛೇರಿಯಲ್ಲಿ ರಾಗ-ತಾನ-ಪಲ್ಲವಿಯಾದ ಮೇಲೆ ದೇವರನಾಮ ಬರುವ ಹಾಗೆ. ಪಸ್ತಾಗಳಿಗೆ ಕರ್ತೃಗಳಿಲ್ಲ, ಅವು ಜನರ ಸೊತ್ತು. ಸಾಲಿಹ್ ಈ ಎರಡರ ನಡುವಿನ ಜಾಗವನ್ನು ಕಂಡುಕೊಂಡರು. ಮಕಾಮಿನ ಗಾಂಭೀರ್ಯವನ್ನು ಬಿಡದೆ, ಮೂರು ನಿಮಿಷದ ತಟ್ಟೆಗೆ ಹೊಂದುವ, ನಿಶ್ಚಿತ ಸ್ವರಸಂಯೋಜನೆಯುಳ್ಳ, ವಾದ್ಯಗಳ ಪೀಠಿಕೆಯಿಂದ ಆರಂಭವಾಗುವ ಹಾಡು. ಅಬ್ದುಲ್ ಕರೀಮ್ ಅಲ್-ಅಲ್ಲಾಫ್ ಎಂಬ ಕವಿ ಇಂಥ ಅನೇಕ ಹಾಡುಗಳಿಗೆ ಸಾಹಿತ್ಯ ಬರೆದರು. ಹಾಡಿದವರು ಸಲೀಮಾ ಮುರಾದ್, ಜಕಿಯಾ ಜಾರ್ಜ್ ಮೊದಲಾದ ರಂಗಗಾಯಕಿಯರು. ಮೇಳದಲ್ಲಿ ಜೋಜಾ-ಸಂತೂರ್‌ಗಳ ಸ್ಥಾನಕ್ಕೆ ಪಿಟೀಲು, ಊದ್, ಕಾನೂನ್ ಬಂದವು. ಇರಾಕಿನ ನಗರಗೀತೆಯೆಂದು ಇಂದು ನಾವು ಗುರುತಿಸುವ ನಾದ ಇದೇ. ಹಳೆಯ ಚಾಲ್ಘಿ ಮೇಳ ಇದರಿಂದ ಹಿಂದೆ ಸರಿಯಿತು ಎಂಬುದೂ ನಿಜ. ಸಾಲಿಹ್ ಅವರನ್ನು ಮೆಚ್ಚುವವರು ಈ ನಷ್ಟವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದು ಅಪರೂಪ.

ಸಲೀಮಾ ಮುರಾದ್ ಅವರಿಗಾಗಿ ಸಾಲಿಹ್ ರಚಿಸಿದ ಕಲ್ಬಕ್ ಸಖರ್ ಜಲ್ಮೂದ್ ಎಂಬ ಹಾಡಿನ ಕಥೆ ಪ್ರಸಿದ್ಧವಾದದ್ದು. ನಿನ್ನ ಹೃದಯ ಗಟ್ಟಿ ಬಂಡೆ ಎಂಬುದು ಆ ಶೀರ್ಷಿಕೆಯ ಅರ್ಥ. 1932ರಲ್ಲಿ ಈಜಿಪ್ಟಿನ ಉಮ್ಮ್ ಕುಲ್ಸೂಮ್ ಬಾಗ್ದಾದಿಗೆ ಬಂದು ಕಛೇರಿಗಳನ್ನು ನಡೆಸಿದರು. ಆಗಲೇ ಅವರು ಅರಬ್ ಜಗತ್ತಿನ ದೊಡ್ಡ ಹೆಸರು. ಅನ್ಯರ ಹಾಡನ್ನು, ಅದರಲ್ಲೂ ಈಜಿಪ್ಟಿನ ಹೊರಗಿನ ಆಡುನುಡಿಯ ಹಾಡನ್ನು ಅವರು ಮುಟ್ಟುತ್ತಿರಲಿಲ್ಲ. ಈ ಹಾಡನ್ನು ಮಾತ್ರ ಸಾಲಿಹ್ ಅವರಿಂದಲೇ ಕಲಿತು ಬಾಗ್ದಾದಿನಲ್ಲಿ ಹಾಡಿದರೆಂದು ಇರಾಕಿ ಸಂಗೀತದ ಚರಿತ್ರಕಾರರು ದಾಖಲಿಸುತ್ತಾರೆ. ಅದೇ ಕಾಲಘಟ್ಟದಲ್ಲಿ ಈಜಿಪ್ಟಿನ ಮತ್ತೊಬ್ಬ ದಿಗ್ಗಜ ಮುಹಮ್ಮದ್ ಅಬ್ದುಲ್ ವಹಾಬ್ ಬಾಗ್ದಾದಿಗೆ ಬಂದಿದ್ದರು. ಲಾಮಿ ಎಂಬ ಇರಾಕಿ ಮಕಾಮನ್ನು ಅವರು ಸಾಲಿಹ್ ಅವರಿಂದ ತಿಳಿದು ಮುಂದೆ ತಮ್ಮ ಸಿನಿಮಾ ಹಾಡಿನಲ್ಲಿ ಬಳಸಿದರೆಂಬ ಮಾತು ಪ್ರಚಲಿತವಾಗಿದೆ.

ಲಾಮಿಯನ್ನು ನಮ್ಮ ಭಾಷೆಯಲ್ಲಿ ವಿವರಿಸುವುದು ಸಾಧ್ಯ. ಅರಬರ ಕುರ್ದ್ ಎಂಬ ಮಕಾಮಿನ ಸ್ವರಗಳು ನಮ್ಮ ಹನುಮತೋಡಿಯ ಸ್ವರಗಳೇ. ತೋಡಿಯ ಷಡ್ಜದಿಂದ ಮಧ್ಯಮದವರೆಗಿನ ನಾಲ್ಕು ಸ್ವರಗಳ ಗುಚ್ಛವನ್ನು ತೆಗೆದುಕೊಳ್ಳಿ. ಪಂಚಮಕ್ಕೆ ಹೋಗಬೇಡಿ. ಮಧ್ಯಮವನ್ನೇ ಹೊಸ ಷಡ್ಜವೆಂದು ಭಾವಿಸಿ ಅದೇ ಗುಚ್ಛವನ್ನು ಮತ್ತೊಮ್ಮೆ ಮೇಲಕ್ಕೆ ಜೋಡಿಸಿ. ಶುದ್ಧ ಪಂಚಮ ಇಲ್ಲದೆ ಹೋಗುವುದರಿಂದ ರಾಗಕ್ಕೆ ಆನಿಕೊಳ್ಳಲು ಗೋಡೆಯೇ ಸಿಗುವುದಿಲ್ಲ. ಹಾಡು ಸದಾ ಕೆಳಗೆ ಜಾರುತ್ತಿರುವಂತೆ ಕೇಳಿಸುತ್ತದೆ. ಇರಾಕಿನ ಹಾಡುಗಳು ಅಷ್ಟೊಂದು ದುಃಖದವೇಕೆ ಎಂದು ಅರಬರೇ ಕೇಳುವುದುಂಟು. ಉತ್ತರದ ಒಂದು ಪಾಲು ಈ ಸ್ವರಜೋಡಣೆಯಲ್ಲಿದೆ.

1932ರಲ್ಲಿಯೇ ಕೈರೋದಲ್ಲಿ ಅರಬಿ ಸಂಗೀತದ ಮೊದಲ ಮಹಾಸಮ್ಮೇಳನ ನಡೆದಾಗ ಮುಹಮ್ಮದ್ ಅಲ್-ಕುಬ್ಬಾಂಜಿ ಅವರ ನೇತೃತ್ವದಲ್ಲಿ ಹೋದ ಇರಾಕಿ ತಂಡದ ವಾದಕರು ಹೆಚ್ಚಾಗಿ ಯಹೂದಿಗಳೇ ಆಗಿದ್ದರು. ಸಾಲಿಹ್ ಆ ತಂಡದಲ್ಲಿರಲಿಲ್ಲ. ಅವರ ದೊಡ್ಡ ವೇದಿಕೆ ನಾಲ್ಕು ವರ್ಷಗಳ ನಂತರ ಬಂದಿತು. 1936ರಲ್ಲಿ ಇರಾಕಿನ ಬಾನುಲಿ ಕೇಂದ್ರ ಆರಂಭವಾದಾಗ ಅದರ ವಾದ್ಯವೃಂದವನ್ನು ಕಟ್ಟಿ ಮುನ್ನಡೆಸುವ ಹೊಣೆ ಅವರದಾಯಿತು. ಆಗಿನ ದೊರೆ ಘಾಜಿ ಸಂಗೀತಪ್ರಿಯ, ಬಾನುಲಿಯ ಹುಚ್ಚಿದ್ದವರು. ತಮ್ಮ ಅರಮನೆಯಲ್ಲಿಯೇ ಸ್ವಂತ ಪ್ರಸಾರಯಂತ್ರ ಇಟ್ಟುಕೊಂಡಿದ್ದರು. ಸಹೋದರರ ಮೇಲೆ ಅವರಿಗೆ ಬಹಳ ಅಭಿಮಾನ.

ಇಲ್ಲಿ ಇತಿಹಾಸದ ಒಂದು ವಕ್ರತೆಯಿದೆ. ಇದೇ ಘಾಜಿ 1930ರ ದಶಕದ ಕೊನೆಯಲ್ಲಿ, 1939ರ ಏಪ್ರಿಲಿನಲ್ಲಿ ಕಾರು ಅಪಘಾತದಲ್ಲಿ ಸಾಯುವ ತನಕ, ತಮ್ಮ ಅರಮನೆಯ ಬಾನುಲಿಯಿಂದ ಕುವೈತ್ ಇರಾಕಿಗೆ ಸೇರಬೇಕೆಂದು ಪ್ರಚಾರ ಮಾಡುತ್ತಿದ್ದರು. ಅವರ ನೆಚ್ಚಿನ ಸಂಗೀತಗಾರರು ಹೆಸರಿನಲ್ಲಿಯೇ ಕುವೈತನ್ನು ಹೊತ್ತವರು. 1990ರ ಆಗಸ್ಟಿನಲ್ಲಿ ಆ ಹಳೆಯ ಬೇಡಿಕೆ ಟ್ಯಾಂಕುಗಳೇರಿ ಬಂದಾಗ ಕುವೈತಿನಲ್ಲಿದ್ದ ಒಂದೂವರೆ ಲಕ್ಷಕ್ಕೂ ಹೆಚ್ಚು ಭಾರತೀಯರಲ್ಲಿ ನಮ್ಮವರೂ ಇದ್ದರು. ಇಲ್ಲಿನ ಹಿರಿಯ ಕನ್ನಡಿಗರಿಗೆ ಅದರ ಬಗ್ಗೆ ನಾನು ಹೇಳಬೇಕಾದದ್ದಿಲ್ಲ.

ಬಾಗ್ದಾದಿನ ಯಹೂದಿಗಳ ನೆಮ್ಮದಿ ಬಹಳ ಕಾಲ ಉಳಿಯಲಿಲ್ಲ. 1941ರ ಜೂನ್ 1 ಮತ್ತು 2ರಂದು ನಡೆದ ಫರ್ಹೂದ್ ಎಂಬ ಹತ್ಯಾಕಾಂಡದಲ್ಲಿ ನೂರಕ್ಕೂ ಹೆಚ್ಚು ಮಂದಿ ಪ್ರಾಣ ಕಳೆದುಕೊಂಡರು. ಮನೆ, ಅಂಗಡಿಗಳ ಲೂಟಿ ನಡೆಯಿತು. ಆದರೂ ಸಂಗೀತ ನಿಲ್ಲಲಿಲ್ಲ. 1948ರ ಆಲಿಯಾ ಮತ್ತು ಇಸಾಮ್ ಎಂಬ ಇರಾಕಿ ಚಲನಚಿತ್ರಕ್ಕೆ ಸಾಲಿಹ್ ಸಂಗೀತ ನೀಡಿದರು. ಅದೇ ವರ್ಷ ಇಸ್ರೇಲ್ ಸ್ಥಾಪನೆಯಾಯಿತು, ಯುದ್ಧ ನಡೆಯಿತು, ಇರಾಕಿನ ಯಹೂದಿಗಳು ತಮ್ಮ ಊರಿನಲ್ಲಿಯೇ ಶಂಕಿತರಾದರು. 1950ರ ಮಾರ್ಚಿನ ಕಾನೂನಿನ ಪ್ರಕಾರ ಪೌರತ್ವವನ್ನು ತ್ಯಜಿಸಿದವರು ದೇಶ ಬಿಡಬಹುದಾಗಿತ್ತು. ಮರುವರ್ಷ ಹಾಗೆ ತ್ಯಜಿಸಿದವರ ಆಸ್ತಿಯನ್ನು ಸರಕಾರ ವಶಕ್ಕೆ ತೆಗೆದುಕೊಂಡಿತು. ಒಂದೂಕಾಲು ವರ್ಷದಲ್ಲಿ ಸುಮಾರು 1,20,000 ಜನ ವಿಮಾನಗಳಲ್ಲಿ ಹೊರಟುಹೋದರು. ಸಾಲಿಹ್ ಮತ್ತು ದಾವೂದ್ 1951ರಲ್ಲಿ ಇಸ್ರೇಲ್ ಸೇರಿದರು. ಸಲೀಮಾ ಮುರಾದ್ ಮಾತ್ರ ಹೋಗಲಿಲ್ಲ. ತಮಗಿಂತ ಕಿರಿಯರಾದ ಗಾಯಕ ನಾಜಿಮ್ ಅಲ್-ಘಜಾಲಿ ಅವರನ್ನು ಮದುವೆಯಾಗಿ, ಕೊನೆಯವರೆಗೂ ಬಾಗ್ದಾದಿನಲ್ಲಿಯೇ ಉಳಿದರು.

ಬಾನುಲಿ ವೃಂದದ ನಾಯಕರಾಗಿದ್ದವರಿಗೆ ಹೊಸ ದೇಶದಲ್ಲಿ ಸಿಕ್ಕಿದ್ದು ನಿರಾಶ್ರಿತರ ಬಿಡಾರ. ಅನಂತರ ಟೆಲ್ ಅವೀವ್ ನಗರದ ದಕ್ಷಿಣದ ಹತಿಕ್ವಾ ಬಡಾವಣೆಯಲ್ಲಿ ನೆಲೆಸಿದರು. ಅಲ್ಲಿ ಗೃಹೋಪಯೋಗಿ ಸಾಮಾನಿನ ಅಂಗಡಿಯಿಟ್ಟು ಜೀವನ. ಮಾರುಕಟ್ಟೆಯಲ್ಲಿ ಪಾತ್ರೆ ಕೊಳ್ಳಲು ಬಂದವರಿಗೆ, ಎದುರಿಗೆ ನಿಂತವರು ಉಮ್ಮ್ ಕುಲ್ಸೂಮ್ ಅವರಿಗೆ ಹಾಡು ಕಲಿಸಿದವರೆಂದು ಗೊತ್ತಾಗುವ ಬಗೆಯೇನಿತ್ತು? ಯುರೋಪಿನಿಂದ ಬಂದವರು ರೂಪಿಸುತ್ತಿದ್ದ ಆ ದೇಶದ ಸಾಂಸ್ಕೃತಿಕ ಅಭಿರುಚಿಯಲ್ಲಿ ಅರಬಿ ಸಂಗೀತ ಶತ್ರುವಿನ ನಾದ. ಬೇರೆ ದೇಶದಲ್ಲಿ ಪಡೆದ ಪದವಿ ಹೊಸ ದೇಶದಲ್ಲಿ ಒಂದು ಕಾಗದದ ಚೂರಾಗುವ ಅನುಭವ ನಮ್ಮ ಓದುಗರಲ್ಲಿ ಹಲವರಿಗಿದೆ, ವೈದ್ಯರಿಗಂತೂ ಇದ್ದೇ ಇದೆ. ಆದರೆ ನಾವು ಪರೀಕ್ಷೆ ಬರೆದು ಮತ್ತೆ ಅದೇ ವೃತ್ತಿಗೆ ಮರಳಬಹುದು. ಮಕಾಮಿಗೆ ಅಂಥ ಪರೀಕ್ಷೆ ಇರಲಿಲ್ಲ.

ಒಂದು ಕಿಂಡಿ ಮಾತ್ರ ತೆರೆದಿತ್ತು. ಇಸ್ರೇಲಿ ಬಾನುಲಿಯ ಅರಬಿ ವಿಭಾಗ ನೆರೆಯ ದೇಶಗಳ ಕೇಳುಗರಿಗಾಗಿ ಸಂಗೀತವನ್ನು ಪ್ರಸಾರ ಮಾಡುತ್ತಿತ್ತು. ಸಹೋದರರು ಅದರಲ್ಲಿ ನಿಯಮಿತವಾಗಿ ನುಡಿಸಿದರು, ದಾವೂದ್ ಹಾಡಿದರು. ಇರಾಕ್ ಮತ್ತು ಕೊಲ್ಲಿಯಲ್ಲಿ ಜನ ಬಾನುಲಿಯ ದನಿಯನ್ನು ತಗ್ಗಿಸಿ ಅದನ್ನು ಕೇಳುತ್ತಿದ್ದರು. ಟಪಾಲು ಹೋಗದ, ವಿಮಾನ ಹಾರದ ಗಡಿಗಳನ್ನು ಮಧ್ಯಮ ತರಂಗ ದಾಟುತ್ತಿತ್ತು. ಹತಿಕ್ವಾ ಬಡಾವಣೆಯ ಕೆಫೆ ನೋಹ್ ಎಂಬಲ್ಲಿ ವಲಸೆ ಬಂದ ಇರಾಕಿ ವಾದಕರು ಸೇರಿ ತಮಗಾಗಿ ತಾವೇ ನುಡಿಸಿಕೊಳ್ಳುತ್ತಿದ್ದರು.

ತಮ್ಮ ಮಕ್ಕಳು ಸಂಗೀತವನ್ನು ವೃತ್ತಿಯಾಗಿಸಿಕೊಳ್ಳುವುದನ್ನು ಸಹೋದರರಿಬ್ಬರೂ ಒಪ್ಪಲಿಲ್ಲ. ಇದನ್ನು ಕಹಿಯೆಂದು ಓದುವವರಿದ್ದಾರೆ. ಅಂಗಡಿಯ ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತ ತಂದೆಯ ಲೆಕ್ಕಾಚಾರ ಎಂದು ನನಗೆ ತೋರುತ್ತದೆ.

ಅತ್ತ ಇರಾಕಿನಲ್ಲಿ ಅವರ ಹಾಡುಗಳು ಅಳಿಯಲಿಲ್ಲ. ಅಳಿದದ್ದು ಅವರ ಹೆಸರು. ಬಾಥ್ ಪಕ್ಷದ ಆಳ್ವಿಕೆಯಲ್ಲಿ, 1970ರ ದಶಕದಿಂದ, ಯಹೂದಿ ಸಂಯೋಜಕರ ಹೆಸರುಗಳನ್ನು ಬಾನುಲಿಯಿಂದಲೂ ಪುಸ್ತಕಗಳಿಂದಲೂ ತೆಗೆದುಹಾಕಲಾಯಿತು. ಆ ರಚನೆಗಳ ಮುಂದೆ ತುರಾಸ್ ಎಂಬ ಪದ ಬಂದಿತು. ಪರಂಪರೆ, ಜಾನಪದ ಎಂದರ್ಥ. ಹಾಡನ್ನು ನಿಷೇಧಿಸುವುದಕ್ಕಿಂತ ಇದು ಚಾಣಾಕ್ಷ ಉಪಾಯ. ಮದುವೆಮನೆಗಳಲ್ಲಿ ಎಲ್ಲರ ಬಾಯಲ್ಲಿರುವ ಹಾಡನ್ನು ಯಾವ ಸರಕಾರವೂ ನಿಲ್ಲಿಸಲಾರದು. ಅದನ್ನು ಎಲ್ಲರದೆಂದು ಸಾರಿದರೆ ಸಾಕು, ಅದು ಒಬ್ಬನದಾಗಿ ಉಳಿಯುವುದಿಲ್ಲ.

ಇದನ್ನು ಓದುವಾಗಲೆಲ್ಲ ನನಗೆ ನಮ್ಮ ಅಂಕಿತಗಳ ನೆನಪಾಗುತ್ತದೆ. ಬಸವಣ್ಣನವರ ವಚನದ ಕೊನೆಗೆ ಕೂಡಲಸಂಗಮದೇವ, ಪುರಂದರದಾಸರ ಪದದ ಕೊನೆಗೆ ಪುರಂದರವಿಠಲ. ಅದು ಭಕ್ತಿಯ ರೂಢಿಯೆಂದು ಮಾತ್ರ ನಾವು ತಿಳಿದಿದ್ದೇವೆ. ಕರ್ತೃತ್ವದ ಬೀಗವೂ ಹೌದು. ಅಂಕಿತ ಹಾಡಿನೊಳಗೆ, ಛಂದಸ್ಸಿನೊಳಗೆ, ಪ್ರಾಸದೊಳಗೆ ಹೆಣೆದುಕೊಂಡಿದೆ. ಅದನ್ನು ಕಿತ್ತರೆ ಸಾಲೇ ಮುರಿಯುತ್ತದೆ. ಅಂಕಿತವನ್ನು ಅದಲುಬದಲು ಮಾಡಿದ ಪ್ರಸಂಗಗಳು ನಮ್ಮಲ್ಲಿಯೂ ಇವೆ ನಿಜ, ಆದರೆ ಅದಕ್ಕೆ ಕೈಚಳಕ ಬೇಕು, ಮತ್ತು ಅದು ಗುರುತು ಉಳಿಸುತ್ತದೆ. ಸಾಲಿಹ್ ಅವರ ಹಾಡುಗಳಲ್ಲಿ ಅಂಥದ್ದೇನೂ ಇರಲಿಲ್ಲ. ಸಾಹಿತ್ಯ ಬೇರೆಯವರದು, ದನಿ ಬೇರೆಯವರದು. ಅವರ ಹೆಸರು ಇದ್ದದ್ದು ತಟ್ಟೆಯ ನಡುವಿನ ದುಂಡು ಕಾಗದದ ಮೇಲೆ ಮತ್ತು ಉದ್ಘೋಷಕರ ಬಾಯಲ್ಲಿ. ಮೊದಲನೆಯದು ಸವೆಯುತ್ತದೆ, ಎರಡನೆಯದಕ್ಕೆ ಮೇಲಿನಿಂದ ಒಂದು ಆಜ್ಞೆ ಸಾಕು.

ದಾವೂದ್ 1976ರಲ್ಲಿ ತೀರಿಕೊಂಡರು. ಸಾಲಿಹ್ ಹತ್ತು ವರ್ಷ ಹೆಚ್ಚು ಬದುಕಿದರು. 1986ರಲ್ಲಿ ಅವರ ಮರಣ. ಹುಟ್ಟೂರನ್ನು ಅವರು ಮತ್ತೆ ಕಾಣಲಿಲ್ಲ. 1951ರ ಬಳಿಕ ಆ ಬಾಗಿಲು ಮುಚ್ಚಿಯೇ ಹೋಗಿತ್ತು.

ಹೆಸರು ಮರಳಿ ಬಂದ ಬಗೆಯೂ ವಿಚಿತ್ರ. ಸಾಲಿಹ್ ಅವರ ಮಗ ಹಳೆಯ ಧ್ವನಿಮುದ್ರಿಕೆಗಳನ್ನು ಕಲೆಹಾಕಿ, ಕರ್ತೃತ್ವವನ್ನು ಸ್ಥಾಪಿಸಲು ಶ್ರಮಿಸಿದರು. 2009ರಲ್ಲಿ ಹತಿಕ್ವಾ ಬಡಾವಣೆಯ ಒಂದು ಬೀದಿಗೆ ಸಹೋದರರ ಹೆಸರಿಡಲಾಯಿತು. ದಾವೂದ್ ಅವರ ಮೊಮ್ಮಗ ದೂದು ತಸ್ಸಾ ಇಸ್ರೇಲಿನ ರಾಕ್ ಗಾಯಕ. ಅಜ್ಜ ಸಾಯುವುದಕ್ಕೂ ಮೊಮ್ಮಗ ಹುಟ್ಟುವುದಕ್ಕೂ ಹೆಚ್ಚು ಅಂತರವಿರಲಿಲ್ಲ, ಹಾಗಾಗಿ ಮುಖತಃ ಕಲಿಯುವ ಅವಕಾಶವೇ ಇರಲಿಲ್ಲ. ಅವರು 2011ರಲ್ಲಿ ಅಜ್ಜಂದಿರ ಹಾಡುಗಳನ್ನು ವಿದ್ಯುತ್ ಗಿಟಾರಿನೊಡನೆ ಮರುಮುದ್ರಿಸಿದರು. ತಂಡಕ್ಕೆ ಇಟ್ಟ ಹೆಸರಿನಲ್ಲಿ ಕುವೈತಿಗಳು ಎಂಬ ಪದವಿದೆ. 2017ರಲ್ಲಿ ಈ ತಂಡ ಅಮೆರಿಕದಲ್ಲಿ ರೇಡಿಯೋಹೆಡ್ ಕಛೇರಿಗಳಿಗೆ ಮುಂಚಿತವಾಗಿ ನುಡಿಸಿತು. ಅಜ್ಜ ತನ್ನ ಮಕ್ಕಳಿಗೆ ಮುಚ್ಚಿದ ಬಾಗಿಲನ್ನು ಮೊಮ್ಮಗ ಹಿತ್ತಿಲಿನಿಂದ ತೆರೆದ ಹಾಗಾಯಿತು. ಕೊಲ್ಲಿಯ ಕಡೆಯೂ ಮೌನ ಅಲ್ಪಸ್ವಲ್ಪ ಸಡಿಲಿದೆ. 2020ರ ರಂಜಾನಿನಲ್ಲಿ ಪ್ರಸಾರವಾದ ಉಮ್ಮ್ ಹಾರೂನ್ ಧಾರಾವಾಹಿಯಲ್ಲಿ ಕುವೈತಿನ ಹಿರಿಯ ನಟಿ ಹಯಾತ್ ಅಲ್-ಫಹದ್ ಕೊಲ್ಲಿಯ ಯಹೂದಿ ಸೂಲಗಿತ್ತಿಯ ಪಾತ್ರ ವಹಿಸಿದಾಗ ಪರವಿರೋಧಗಳ ಗದ್ದಲವೆದ್ದಿತು. ಗದ್ದಲವೆದ್ದರೂ, ಅಂಥ ಜನ ಇಲ್ಲಿ ಇದ್ದರೆಂಬುದನ್ನು ಒಂದು ಪೀಳಿಗೆ ಮೊದಲ ಬಾರಿಗೆ ಕೇಳಿತು.

ಈ ಸಂಗೀತವನ್ನು ಕೇಳಲು ಬಯಸುವ ಓದುಗರು ಮೊಮ್ಮಗನ ಗಿಟಾರಿನಿಂದ ಆರಂಭಿಸದೆ, ಅಂತರಜಾಲದಲ್ಲಿ ಸುಲಭವಾಗಿ ಸಿಗುವ ಹಳೆಯ ಮುದ್ರಿಕೆಗಳಿಗೆ ಹೋಗುವುದು ಒಳಿತು. ಮೊದಲು ಅಬ್ದುಲ್ಲತೀಫ್ ಅಲ್-ಕುವೈತಿ ಅವರ ಒಂದು ಸೌತ್. ಅದರಲ್ಲಿ ಕುವೈತಿನ ಚಪ್ಪಾಳೆಯ ಲಯ ಕಿವಿಗೆ ಹಿಡಿಯಲಿ. ಬಳಿಕ ಸಲೀಮಾ ಮುರಾದ್ ಹಾಡಿರುವ ಕಲ್ಬಕ್ ಸಖರ್ ಜಲ್ಮೂದ್. ತಟ್ಟೆಯ ಕರಕರ ಸದ್ದಿಗೆ ಕಿವಿ ಒಗ್ಗಲು ಅರ್ಧ ನಿಮಿಷ ಬೇಕು. ಪದಗಳನ್ನು ಬಿಟ್ಟು ಪಿಟೀಲಿನ ಬೆನ್ನು ಹತ್ತಿ. ಶೀರ್ಷಿಕೆಯ ಕೆಳಗೆ ಇಂದಿಗೂ ಹಲವು ಕಡೆ ಸಂಯೋಜಕರ ಹೆಸರಿನ ಜಾಗದಲ್ಲಿ ಇರಾಕಿ ತುರಾಸ್ ಎಂದೇ ಬರೆದಿರುತ್ತದೆ.